ವಿಡಿಕಮ್‌ಗೆ ಬರುವವರಿಗೆ

ಕಳೆದ ತಿಂಗಳು ಗೆಳತಿಯೊಬ್ಬಳು ಮೆಸೇಜ್ ಕಳಿಸಿದ್ದಳು. ಈ ಬೇಸಿಗೆಗೆ ಮನೆಯವರೆಲ್ಲ ಇಂಗ್ಲೆಂಡಿಗೆ ಬರುತ್ತಾರಂತೆ. ಲಂಡನ್ ಮುಗಿಸಿ ಎರಡು ದಿನ ನಮ್ಮ ಎಕ್ಸೆಟರ್ ಕಡೆ ಇರುತ್ತಾರಂತೆ. "ನೀನು ಯಾವಾಗ್ಲೂ ಹೇಳ್ತಿರ್ತೀಯಲ್ಲ, ಡಾರ್ಟ್‌ಮೂರಿನ ಆ ಹಳ್ಳಿ, ಅಲ್ಲಿ ಏನೇನು ನೋಡೋದಿದೆ? ಒಂದು ಪಟ್ಟಿ ಮಾಡಿ ಕಳಿಸು" ಅಂತ ಕೇಳಿದ್ದಳು. ಅದೇ ರಾತ್ರಿ ಬರೆಯಲು ಕೂತೆ. ಚರ್ಚು. ಅದರ ಪಕ್ಕದ ಚರ್ಚ್ ಹೌಸ್. ಊರ ನಡುವಿನ ಹುಲ್ಲುಬಯಲು. ಟೀ ಅಂಗಡಿ. ನಾಲ್ಕು ಸಾಲಿಗೆ ಪಟ್ಟಿ ನಿಂತಿತು. ಇನ್ನೂ ನಾಲ್ಕು ಸೇರಿಸಬಹುದಿತ್ತು, ಆದರೆ ಮನಸ್ಸು ಬರಲಿಲ್ಲ. ಈ ಪಟ್ಟಿ ಹಿಡಿದು ಹೋದರೆ ಅವಳು ಏನು ನೋಡಿ ಬರುತ್ತಾಳೆ ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ನಾನೂ ಅಷ್ಟನ್ನೇ ನೋಡಿ ಬಂದಿದ್ದೆ. ಬಂದ ಮೇಲೆ ಬಹಳ ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಊರಿನ ಪೂರ್ತಿ ಹೆಸರು ವೈಡ್‌ಕೂಮ್ ಇನ್ ದ ಮೂರ್. ಬರೆಯುವುದು ಹಾಗೆ, ಜನ ಕರೆಯುವುದು ವಿಡಿಕಮ್ ಅಂತ. ನೀರುವಂಜಿ ಜಾತಿಯ ಮರಗಳ ಕಣಿವೆ ಅನ್ನುವ ಅರ್ಥದಿಂದ ಬಂದ ಹೆಸರಂತೆ. ಮೂರ್ ಅಂದರೆ ಮರವಿಲ್ಲದ ಎತ್ತರದ ಗುಡ್ಡಗಾಡು. ಹುಲ್ಲು, ಹೆದರ್ ಎಂಬ ಕುರುಚಲು ಗಿಡ, ಹಳದಿ ಹೂವಿನ ಮುಳ್ಳುಪೊದೆ, ಅಡಿಯಲ್ಲಿ ಸದಾ ನೀರು ಹಿಡಿದುಕೊಂಡಿರುವ ಕಪ್ಪು ಮಣ್ಣು. ಕುದುರೆಮುಖದ ಹುಲ್ಲುಗುಡ್ಡಗಳನ್ನು ನೆನೆಸಿಕೊಂಡರೆ ಅರ್ಧ ಚಿತ್ರ ಸಿಕ್ಕ ಹಾಗೆ. ಕಣಿವೆಯ ಶೋಲಾ ಕಾಡನ್ನು ತೆಗೆದುಬಿಡಿ, ಮಂಜು ಹಾಗೇ ಇರಲಿ, ಪ್ರತಿ ಗುಡ್ಡದ ನೆತ್ತಿಯ ಮೇಲೂ ಗ್ರಾನೈಟ್ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಡಿ. ಆ ಬಂಡೆರಾಶಿಗೆ ಇಲ್ಲಿಯವರು ಟಾರ್ ಅನ್ನುತ್ತಾರೆ.

ಎರಡು ಗಂಟೆಯ ಊರು

ಆಗಸ್ಟ್ ತಿಂಗಳ ಒಂದು ಶನಿವಾರ. ಬೆಂಗಳೂರಿನಿಂದ ತಂಗಿ, ಅವಳ ಗಂಡ, ಎಂಟು ವರ್ಷದ ಮಗ ಬಂದಿದ್ದರು. ಬವಿ ಟ್ರೇಸಿ ಪೇಟೆ ದಾಟಿ, ಹೇಟಾರ್ ಬಂಡೆಯ ಪಕ್ಕದಲ್ಲೇ ಹತ್ತಿ ಹೋದೆವು. ಗುಡ್ಡದ ಅಂಚಿಗೆ ಬಂದಾಗ ಕೆಳಗೆ ಕಣಿವೆ ತೆರೆದುಕೊಂಡಿತು. ಕಲ್ಲಿನ ಬೇಲಿ ಹಾಕಿದ ಸಣ್ಣ ಸಣ್ಣ ಹೊಲ, ಮಧ್ಯೆ ಒಂದು ಎತ್ತರದ ಬೂದು ಗೋಪುರ. ಕೆಲವೇ ನೂರು ಜನರ ಊರಿಗೆ ಅಷ್ಟು ದೊಡ್ಡ ಗೋಪುರ ಯಾಕೆ ಅಂತ ತಂಗಿ ಕೇಳಿದಳು. ಸುಮಾರು 120 ಅಡಿ ಎತ್ತರವಿದೆ. ಒಂದು ಕಾಲದಲ್ಲಿ ಈ ಗುಡ್ಡಗಳಲ್ಲಿ ತವರ ಸಿಗುತ್ತಿತ್ತು. ತವರ ತೆಗೆದು ದುಡ್ಡು ಕಂಡವರು ಕಟ್ಟಿಸಿಕೊಟ್ಟ ಗೋಪುರ ಅನ್ನುತ್ತಾರೆ.

ಒಳಗೆ ಹೋದೆವು. 1638ರ ಅಕ್ಟೋಬರ್ 21, ಒಂದು ಭಾನುವಾರ, ಪ್ರಾರ್ಥನೆ ನಡೆಯುತ್ತಿದ್ದಾಗಲೇ ಈ ಚರ್ಚಿಗೆ ಸಿಡಿಲು ಬಡಿಯಿತು. ಬೆಂಕಿಯ ಉಂಡೆಯೊಂದು ಒಳಗೆ ನುಗ್ಗಿತು ಅಂತ ಆಗಿನವರು ಬರೆದಿದ್ದಾರೆ. ಗೋಪುರದ ಕಲ್ಲು ಚಾವಣಿಯ ಮೇಲೆ ಬಿತ್ತು. ನಾಲ್ಕು ಜನ ಸತ್ತರು, ಸುಮಾರು 60 ಜನಕ್ಕೆ ಗಾಯವಾಯಿತು. ಊರಿನ ಶಾಲೆಯ ಮೇಷ್ಟ್ರು ಆ ದಿನದ ಕಥೆಯನ್ನು ಪದ್ಯ ಮಾಡಿದರು. ಅದು ಇವತ್ತಿಗೂ ಹಲಗೆಗಳ ಮೇಲೆ ಗೋಡೆಯಲ್ಲಿದೆ. ಆಮೇಲೆ ಅದಕ್ಕೊಂದು ಪುರಾಣವೂ ಹುಟ್ಟಿಕೊಂಡಿತು. ಸೈತಾನ ಕುದುರೆ ಏರಿ ಬಂದನಂತೆ, ದಾರಿಯಲ್ಲಿ ಪೌಂಡ್ಸ್‌ಗೇಟಿನ ಹೋಟೆಲಿನಲ್ಲಿ ಬಿಯರ್ ಕುಡಿದನಂತೆ, ಅದು ಗಂಟಲಿಗೆ ಇಳಿಯುವಾಗ ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಚುಂಯ್ ಅಂದಿತಂತೆ. ಚರ್ಚಿನಲ್ಲಿ ಇಸ್ಪೀಟು ಹಿಡಿದು ನಿದ್ದೆ ಹೋಗಿದ್ದ ಒಬ್ಬನನ್ನು ಎತ್ತಿಕೊಂಡು ಹೋಗಲು ಬಂದಿದ್ದನಂತೆ. ತಂಗಿಯ ಮಗನಿಗೆ ಈ ಕಥೆ ಬಹಳ ಹಿಡಿಸಿತು.

ನನಗೆ ಹಿಡಿಸಿದ್ದು ಚಾವಣಿಯ ಮರದಲ್ಲಿರುವ ಒಂದು ಪುಟ್ಟ ಕೆತ್ತನೆ. ಮೂರು ಮೊಲಗಳು ಸುತ್ತಾಗಿ ಓಡುತ್ತಿವೆ. ಎಣಿಸಿದರೆ ಕಿವಿ ಮೂರೇ. ಆದರೂ ಯಾವ ಮೊಲ ನೋಡಿದರೂ ಎರಡು ಕಿವಿ ಕಾಣುತ್ತದೆ. ನಮ್ಮ ದೇವಸ್ಥಾನದ ಕಂಬಗಳಲ್ಲಿ ಆನೆಗೂ ಬಸವನಿಗೂ ಒಂದೇ ತಲೆ ಕೆತ್ತಿರುತ್ತಾರಲ್ಲ, ಅದೇ ಬಗೆಯ ಕೈಚಳಕ. ಈ ಮೂರು ಮೊಲಗಳ ಚಿತ್ರ ಚೀನಾದ ಡುನ್‌ಹುವಾಂಗ್ ಗುಹೆಗಳಲ್ಲೂ ಇದೆ, ಇದಕ್ಕಿಂತ ಎಷ್ಟೋ ಶತಮಾನ ಹಳೆಯದು. ಕತ್ತೆತ್ತಿ ಬಹಳ ಹೊತ್ತು ನೋಡಿದೆ.

ಆಮೇಲೆ ಸ್ಕೋನ್, ಜ್ಯಾಮ್, ಕೆನೆ, ಟೀ. ಹುಲ್ಲುಬಯಲಿನಲ್ಲಿ ಫೋಟೊ. ಅಲ್ಲಿಗೆ ಎರಡು ಗಂಟೆ ಆಗಿತ್ತು. ವಾಪಸ್ ಹೊರಟು ಗುಡ್ಡ ಹತ್ತಿದಾಗ ರಸ್ತೆ ಬದಿಯಲ್ಲಿ ಐದಾರು ಕುದುರೆಗಳು ಮೇಯುತ್ತಿದ್ದವು. ಡಾರ್ಟ್‌ಮೂರಿನ ಕುದುರೆ ಗಿಡ್ಡ, ದಪ್ಪ ಕೂದಲಿನದು, ನೋಡಿದರೆ ಮುದ್ದು ಬರುತ್ತದೆ. ಕಾರು ನಿಲ್ಲಿಸಿದೆವು. ತಂಗಿಯ ಮಗ ಬಿಸ್ಕೆಟ್ ಪ್ಯಾಕೆಟ್ ಹಿಡಿದು ಇಳಿದ. ಕಂದು ಬಣ್ಣದ ಒಂದು ಕುದುರೆ, ಹಣೆಯಲ್ಲಿ ಬಿಳಿ ಬೊಟ್ಟು, ನೇರ ಅವನ ಹತ್ತಿರವೇ ಬಂತು. ಅವನು ಒಂದೊಂದೇ ಬಿಸ್ಕೆಟ್ ಕೊಟ್ಟ. ನಾನೂ ನಗುತ್ತಾ ವಿಡಿಯೊ ಮಾಡಿದೆ.

ಹಿಂದೆ ಒಂದು ಹಳೆಯ ಜೀಪು ನಿಂತಿತು. ಅರವತ್ತರ ಮೇಲಿನ ಹೆಂಗಸು ಇಳಿದು ಬಂದರು. ಮೈಮೇಲೆ ಮಾಸಿದ ಹಸಿರು ಕೋಟು, ಕಾಲಿಗೆ ಕೆಸರಿನ ಬೂಟು. ಬೈಯಲಿಲ್ಲ. ಮಗುವಿನ ಎತ್ತರಕ್ಕೆ ಬಗ್ಗಿ, "ಇವು ನಿನಗೆ ಇಷ್ಟನಾ?" ಅಂತ ಕೇಳಿದರು. ಅವನು ತಲೆಯಾಡಿಸಿದ. "ಹಾಗಾದ್ರೆ ತಿನ್ನಿಸಬೇಡ ಮರಿ. ರಸ್ತೆ ಹತ್ತಿರ ಬಂದ್ರೆ ಬಿಸ್ಕೆಟ್ ಸಿಗುತ್ತೆ ಅಂತ ಇವು ಕಲೀತಾವೆ. ಆಮೇಲೆ ರಾತ್ರಿ ಕೂಡ ಇಲ್ಲೇ ನಿಲ್ತಾವೆ. ಕಾರಿನವರಿಗೆ ಕಾಣೋದಿಲ್ಲ." ಹೋದ ಚಳಿಗಾಲದಲ್ಲಿ ಹಾಗೇ ಒಂದು ಸತ್ತಿತು ಅಂದರು. ಅದು ಅವರದೇ ಕುದುರೆ.

ನಾನು ಅಲ್ಲಿಯವರೆಗೆ ಇವು ಕಾಡುಕುದುರೆ ಅಂದುಕೊಂಡಿದ್ದೆ. ಪ್ರತಿಯೊಂದಕ್ಕೂ ಒಬ್ಬ ಯಜಮಾನ ಇರುತ್ತಾನೆ ಅಂತ ಅವತ್ತು ಗೊತ್ತಾಯಿತು. ಕ್ಷಮೆ ಕೇಳಿದೆ. ಅವರು ಕೈ ಬೀಸಿ, "ಗೊತ್ತಿರಲಿಲ್ಲ, ಅಷ್ಟೇ ತಾನೆ" ಅಂದರು. ಹೊರಡುವ ಮುಂಚೆ ತಿರುಗಿ ಒಂದು ಮಾತು ಸೇರಿಸಿದರು. "ಶರತ್ಕಾಲದಲ್ಲಿ ಇವನ್ನೆಲ್ಲ ಕೆಳಗೆ ಇಳಿಸ್ತೀವಿ. ಜನ ಬೇಕಾಗುತ್ತೆ. ಬರೋದಾದ್ರೆ ಬನ್ನಿ." ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು.

ಮನೆಗೆ ಬಂದು ಆ ವಿಡಿಯೊ ಅಳಿಸಿದೆ. ಚೀಟಿ ಮಾತ್ರ ಫ್ರಿಜ್ಜಿನ ಬಾಗಿಲ ಮೇಲೆ ಉಳಿಯಿತು.

ಗುಡ್ಡ ಯಾರದ್ದು

ನನ್ನ ತವರು ಶಿರಸಿ ಕಡೆಯ ಹಳ್ಳಿ. ನಮ್ಮಲ್ಲಿ ಅಡಿಕೆ ತೋಟದ ಜೊತೆ ಸೊಪ್ಪಿನ ಬೆಟ್ಟ ಬರುತ್ತದೆ. ಬೆಟ್ಟ ನಮ್ಮದಲ್ಲ, ಸರ್ಕಾರದ್ದು. ಆದರೆ ಸೊಪ್ಪು ಕಡಿಯುವ, ದರಕು ಗುಡಿಸುವ, ದನ ಮೇಯಿಸುವ ಹಕ್ಕು ತೋಟಕ್ಕೆ ಅಂಟಿಕೊಂಡು ಬಂದಿದೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಲೆಕ್ಕ. ಇದನ್ನು ಇಲ್ಲಿಯವರಿಗೆ ವಿವರಿಸಲು ನನಗೆ ಯಾವತ್ತೂ ಆಗಿರಲಿಲ್ಲ. ಡಾರ್ಟ್‌ಮೂರಿನ ಕಾಮನರ್‌ಗಳ, ಅಂದರೆ ಗುಡ್ಡದ ಮೇಲೆ ಮೇಯಿಸುವ ಹಕ್ಕಿರುವವರ, ಕಥೆ ಕೇಳಿದಾಗ ಅವರೇ ನನಗೆ ನಮ್ಮೂರನ್ನು ವಿವರಿಸುತ್ತಿದ್ದಾರೆ ಅನ್ನಿಸಿತು.

ಇಲ್ಲೂ ಹಾಗೇ. ಗುಡ್ಡಕ್ಕೆ ಒಡೆಯರು ಬೇರೆ ಇದ್ದಾರೆ. ಡಾರ್ಟ್‌ಮೂರಿನ ದೊಡ್ಡ ಭಾಗ ಡಚಿ ಆಫ್ ಕಾರ್ನ್‌ವಾಲ್, ಅಂದರೆ ಯುವರಾಜನ ಜಹಗೀರು. ಆದರೆ ಕಣಿವೆಯ ಹಳೆಯ ಹೊಲಮನೆಗಳಿಗೆ ಗುಡ್ಡದ ಮೇಲೆ ಕುರಿ, ದನ, ಕುದುರೆ ಮೇಯಿಸುವ ಹಕ್ಕು ಇದೆ. ಒಣಗಿಸಿ ಒಲೆಗೆ ಉರಿಸಲು ಗುಡ್ಡದ ಕರಿಮಣ್ಣು ಕಡಿದು ತರುವ ಹಕ್ಕೂ ಕೆಲವು ಮನೆಗಳಿಗಿದೆ. ಹೊಲ ಯಾರ ಕೈಗೆ ಹೋದರೂ ಹಕ್ಕು ಹೊಲದ ಜೊತೆ ಹೋಗುತ್ತದೆ. ಹಳೆಯ ಮನೆಗಳ ಕಟ್ಟಡವೂ ಪರಿಚಿತವೇ. ಉದ್ದನೆಯ ಕಲ್ಲಿನ ಮನೆ, ಒಂದೇ ಸೂರು, ಮೇಲಿನ ತುದಿಯಲ್ಲಿ ಜನ, ಇಳಿಜಾರಿನ ಕಡೆ ದನ. ಚಳಿಗಾಲದಲ್ಲಿ ದನಗಳ ಬಿಸಿ ಮನೆಗೆಲ್ಲ ಆಗುತ್ತಿತ್ತಂತೆ. ನಮ್ಮ ಬಯಲುಸೀಮೆಯ ಹಳೆಯ ಮನೆಗಳಲ್ಲೂ ಬಾಗಿಲು ದಾಟಿದರೆ ಮೊದಲು ಕಾಣುತ್ತಿದ್ದದ್ದು ಎತ್ತುಗಳೇ ಅಲ್ವಾ?

ಇಡೀ ಡಾರ್ಟ್‌ಮೂರ್ 1951ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ನಮ್ಮಲ್ಲಿ ಆ ಹೆಸರು ಕೇಳಿದರೆ ಜನರನ್ನು ಎಬ್ಬಿಸಿದ ಕಾಡು ಕಣ್ಣ ಮುಂದೆ ಬರುತ್ತದೆ. ಇಲ್ಲಿ ಹಾಗಲ್ಲ. ಊರು, ಹೊಲ, ಶಾಲೆ, ಜಾತ್ರೆ ಎಲ್ಲ ಒಳಗೇ ಇದೆ. 1985ರ ಕಾಯ್ದೆ ಕಾಮನರ್‌ಗಳಿಗೆ ತಮ್ಮದೇ ಒಂದು ಮಂಡಳಿ ಕೊಟ್ಟಿತು. ಅದೇ ಕಾಯ್ದೆ ಹೊರಗಿನವರಿಗೆ ಗುಡ್ಡದ ಮೇಲೆ ನಡೆಯುವ, ಕುದುರೆ ಸವಾರಿ ಮಾಡುವ ಹಕ್ಕನ್ನೂ ಕೊಟ್ಟಿತು. ಟೆಂಟ್ ಹಾಕಿ ರಾತ್ರಿ ಮಲಗುವುದೂ ಆ ಹಕ್ಕಿನಲ್ಲಿ ಸೇರುತ್ತದೋ ಇಲ್ಲವೋ ಅಂತ ಜಮೀನು ಇದ್ದವರೊಬ್ಬರು ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ಹೈಕೋರ್ಟ್ ಇಲ್ಲ ಅಂದಿತು. ಅದೇ ಜುಲೈನಲ್ಲಿ ಮೇಲಿನ ಕೋರ್ಟ್ ಹೌದು ಅಂದಿತು. 2025ರ ಮೇ 21ಕ್ಕೆ ಸುಪ್ರೀಂ ಕೋರ್ಟ್ ಕೂಡ ಹೌದು ಅಂತ ತೀರ್ಪು ಕೊಟ್ಟು ಮುಗಿಸಿತು. ನನಗೆ ತುಂಬ ಸಂತೋಷ ಆಯಿತು. ಆದರೆ ಆ ತೀರ್ಪಿನ ಸುದ್ದಿ ಓದುವಾಗ ಬಿಸ್ಕೆಟ್ ಪ್ಯಾಕೆಟ್ ಕೂಡ ನೆನಪಾಯಿತು. ಬರುವವರ ಹಕ್ಕು ಕೋರ್ಟಿನಲ್ಲಿ ಗಟ್ಟಿಯಾಯಿತು. ಇರುವವರ ದಿನಚರಿ ಬರುವವರಿಗೆ ತಿಳಿಯುವುದು ಎಲ್ಲಿ?

ಗೇಟಿನ ಕೆಲಸ

ಅಕ್ಟೋಬರ್ ಮೊದಲ ವಾರ ಆ ನಂಬರಿಗೆ ಫೋನ್ ಮಾಡಿದೆ. ಅವರಿಗೆ ನನ್ನ ನೆನಪಿತ್ತು. "ಬೆಳಿಗ್ಗೆ ಏಳಕ್ಕೆ ಬಾ. ಬೆಚ್ಚಗೆ ಹಾಕ್ಕೊ" ಅಂದರು. ಫೋನಿಡುವಾಗ 'ಮೈ ಲವರ್' ಅಂದರು. ಈ ಡೆವನ್ ಜಿಲ್ಲೆಯ ಹಳಬರು ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ, ನಮ್ಮಲ್ಲಿ ಮಾರಾಯ್ತಿ ಅಂದ ಹಾಗೆ.

ಕುದುರೆ ಇಳಿಸುವ ಈ ಕೆಲಸಕ್ಕೆ ಡ್ರಿಫ್ಟ್ ಅನ್ನುತ್ತಾರೆ. ವರ್ಷಪೂರ್ತಿ ಗುಡ್ಡದ ಮೇಲೇ ಇರುವ ಕುದುರೆಗಳನ್ನು ಶರತ್ಕಾಲದಲ್ಲಿ ಒಮ್ಮೆ ಕೆಳಗೆ ತರುತ್ತಾರೆ. ಯಾರದ್ದು ಯಾವುದು ಅಂತ ಬೇರೆ ಮಾಡುತ್ತಾರೆ. ಆರೋಗ್ಯ ನೋಡುತ್ತಾರೆ. ಆ ವರ್ಷದ ಮರಿಗಳನ್ನು ತಾಯಿಯಿಂದ ಬಿಡಿಸುತ್ತಾರೆ. ಕೆಲವನ್ನು ಮಾರುತ್ತಾರೆ, ಉಳಿದವು ಮತ್ತೆ ಗುಡ್ಡಕ್ಕೆ. ಒಂದೊಂದು ಗುಡ್ಡಕ್ಕೆ ಒಂದೊಂದು ದಿನ. ಒಂದು ಮನೆಯವರಿಂದ ಆಗುವ ಕೆಲಸವೇ ಅಲ್ಲ. ಇವತ್ತು ಇವರ ಗುಡ್ಡಕ್ಕೆ ಅವರು ಬರುತ್ತಾರೆ, ನಾಳೆ ಅವರ ಗುಡ್ಡಕ್ಕೆ ಇವರು. ಮುಯ್ಯಾಳು ಅಂತ ನಮ್ಮಲ್ಲಿ ಹೇಳುತ್ತೇವಲ್ಲ, ಅದೇ.

ಅವತ್ತು ಮಂಜು ಎಷ್ಟಿತ್ತು ಅಂದರೆ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಕೆಲವರು ಕುದುರೆ ಏರಿ, ಕೆಲವರು ನಾಲ್ಕು ಚಕ್ರದ ಬೈಕಿನಲ್ಲಿ, ನಾಯಿಗಳ ಜೊತೆ ಮೇಲೆ ಹೋದರು. ನನಗೆ ಹೊಳೆಯುವ ಹಳದಿ ಅಂಗಿ ಹಾಕಿಸಿ, ಎರಡು ಗಲ್ಲಿ ಕೂಡುವ ಕಡೆ ಒಂದು ಗೇಟಿನ ಬಳಿ ನಿಲ್ಲಿಸಿದರು. ಕುದುರೆಗಳು ಬಂದಾಗ ಬಲಗಡೆ ತಿರುಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. "ಕೈ ಅಗಲಿಸಿ ನಿಲ್ಲು. ಕೂಗಬೇಡ. ಓಡಬೇಡ. ನೀನು ಅಲ್ಲಿದ್ದೀಯ ಅಂತ ಗೊತ್ತಾದ್ರೆ ಸಾಕು" ಅಂದರು.

ಎರಡು ಗಂಟೆ ಕಾದೆ. ಜೊತೆಗೆ ಎಂಬತ್ತರ ಹತ್ತಿರದ ಒಬ್ಬ ಅಜ್ಜ ಇದ್ದರು. ಮೊದಲರ್ಧ ಗಂಟೆ ಅವರು ಏನೂ ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಶುರುವಾಯಿತು. ಮಂಜಿನಲ್ಲಿ ದಾರಿ ತಪ್ಪಿದರೆ ಪಿಕ್ಸಿಗಳ, ಅಂದರೆ ಇಲ್ಲಿಯ ಕಥೆಗಳಲ್ಲಿ ಬರುವ ಪುಟ್ಟ ಮಾಯಾವಿಗಳ, ಆಟ ಅಂತ ತಿಳಿಯಬೇಕಂತೆ. ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡರೆ ದಾರಿ ಸಿಗುತ್ತದಂತೆ. ಹಿಮ ಬೀಳುವಾಗ ಸುತ್ತಲ ಊರಿನವರು, ವಿಡಿಕಮ್‌ನವರು ಹೆಬ್ಬಾತಿನ ಪುಕ್ಕ ಕೀಳುತ್ತಿದ್ದಾರೆ ಅನ್ನುತ್ತಿದ್ದರಂತೆ. ಅವರ ಅಪ್ಪನ ಕಾಲದಲ್ಲಿ ಈ ಗುಡ್ಡದ ಮೇಲೆ ಎಣಿಸಲಾರದಷ್ಟು ಕುದುರೆ ಇದ್ದವು. ಈಗ ಮರಿಗೆ ಬೆಲೆ ಇಲ್ಲ, ಸಾಕಿದ ಖರ್ಚೂ ಹುಟ್ಟುವುದಿಲ್ಲ. "ಮತ್ತೆ ಯಾಕೆ ಸಾಕ್ತೀರಿ?" ಅಂತ ಕೇಳಿದೆ. ಅಜ್ಜ ಬಹಳ ಹೊತ್ತು ಗುಡ್ಡದ ಕಡೆ ನೋಡಿದರು. "ಅವು ಇಲ್ಲದಿದ್ರೆ ಮುಳ್ಳುಪೊದೆ ಮೇಯೋರು ಯಾರು?" ಅಂದರು.

ಆ ಕಾಯುವಿಕೆಯಲ್ಲಿ ನನಗೆ ಅಡಿಕೆ ಸುಲಿಯುವ ರಾತ್ರಿಗಳು ನೆನಪಾದವು. ಅಂಗಳದಲ್ಲಿ ರಾಶಿ ಅಡಿಕೆ, ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹತ್ತು ಹನ್ನೆರಡು ಜನ. ಕೈ ತನ್ನಷ್ಟಕ್ಕೆ ನಡೆಯುತ್ತದೆ, ಬಾಯಿ ತನ್ನಷ್ಟಕ್ಕೆ. ಒಮ್ಮೆ ಬೆಂಗಳೂರಿನಿಂದ ಬಂದ ಅಪ್ಪನ ಸ್ನೇಹಿತರೊಬ್ಬರು ಎರಡು ದಿನ ನಮ್ಮ ಜಗುಲಿಯ ಮೇಲೆ ಕೂತು ಮಾತಿಗೆ ವಿಷಯ ಹುಡುಕುತ್ತಿದ್ದರು. ಮೂರನೇ ರಾತ್ರಿ ಅಮ್ಮ ಅವರ ಮುಂದೆ ಒಂದು ಬುಟ್ಟಿ ಇಟ್ಟು, "ಸುಲಿದದ್ದನ್ನ ಇದಕ್ಕೆ ತುಂಬ್ತಾ ಹೋಗಿ" ಅಂದಳು. ಅವತ್ತು ಅವರು ರಾತ್ರಿ ಹನ್ನೆರಡರವರೆಗೆ ಕೂತಿದ್ದರು. ಊರಿನವರ ಮನೆ ಮನೆಯ ಕಥೆ ಅವತ್ತೇ ಅವರ ಕಿವಿಗೆ ಬಿದ್ದದ್ದು.

ಮೊದಲು ಸದ್ದು ಬಂತು. ದೂರದಲ್ಲಿ ಮಳೆ ಬರುವ ಹಾಗೆ. ಆಮೇಲೆ ಮಂಜಿನೊಳಗಿಂದ ತಲೆಗಳು. ಕಂದು, ಕಪ್ಪು, ಬೂದು, ಮೈಯಿಂದ ಹಬೆ ಏಳುತ್ತಿತ್ತು. ನಲವತ್ತೋ ಐವತ್ತೋ ಇರಬಹುದು. ಕೈ ಅಗಲಿಸಿ ನಿಂತೆ. ಮುಂದಿದ್ದ ಒಂದು ಕಪ್ಪು ಹೆಣ್ಣುಕುದುರೆ ನನ್ನನ್ನು ನೋಡಿ ಒಂದು ಕ್ಷಣ ನಿಂತಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಎಡಕ್ಕೆ ತಿರುಗಿತು. ಉಳಿದವೆಲ್ಲ ಅದರ ಹಿಂದೆ ಹೋದವು. ಎಲ್ಲ ಸೇರಿ ಅರ್ಧ ನಿಮಿಷ. ಅಜ್ಜ ನನ್ನ ಕಡೆ ನೋಡಿ ತಲೆಯಾಡಿಸಿದರು.

ಆಮೇಲೆ ದೊಡ್ಡಿಯ ಬಳಿ ಹೋದೆವು. ಕಲ್ಲುಗೋಡೆಯ ಮೇಲೆ ಫ್ಲಾಸ್ಕುಗಳು, ಡಬ್ಬಿಗಳು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾಗಿ ಯಾರೋ ಚೀಸ್ ಸ್ಯಾಂಡ್‌ವಿಚ್ ತಂದುಕೊಟ್ಟರು. ನಾನು ಯಾರು, ಎಲ್ಲಿಂದ ಬಂದೆ ಅಂತ ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಆಗ ಕೇಳಿದರು. ಸೊಪ್ಪಿನ ಬೆಟ್ಟದ ಕಥೆ ಹೇಳಿದೆ. ಅವರಿಗೆ ಅದು ಮೊದಲ ಸಲಕ್ಕೇ ಅರ್ಥವಾಯಿತು. ಬೆಟ್ಟದ ಸೊಪ್ಪು ಕಡಿಯುವುದಕ್ಕೆ ಜಗಳ ಬಂದರೆ ಯಾರು ತೀರ್ಮಾನ ಮಾಡುತ್ತಾರೆ ಅಂತ ಒಬ್ಬ ಹುಡುಗ ಕೇಳಿದ.

ಪಟ್ಟಿಯಲ್ಲಿ ಬರೆಯಲಾಗದವು

ಅದಾದ ಮೇಲೆ ಸುಮಾರು ಹತ್ತು ಸಲ ಹೋಗಿದ್ದೇನೆ. ಮಂಗಳವಾರ, ಬುಧವಾರ, ಮಳೆಯ ದಿನ, ಫೆಬ್ರವರಿ. ಚರ್ಚ್ ಹೌಸ್ ಈಗ ನನಗೆ ಬೇರೆಯಾಗಿ ಕಾಣುತ್ತದೆ. 16ನೇ ಶತಮಾನದ ಕಟ್ಟಡ. ಊರ ಹಬ್ಬಗಳಿಗೆ ಬಿಯರ್ ಕಾಯಿಸಿ ಮಾರಿ ಚರ್ಚಿಗೆ ದುಡ್ಡು ಕೂಡಿಸುತ್ತಿದ್ದ ಜಾಗ ಅದು. ಆಮೇಲೆ ಬಡವರ ಆಸರೆಯಾಯಿತು, ಶಾಲೆಯಾಯಿತು. ಈಗ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಒಡೆತನದಲ್ಲಿದೆ, ಊರಿನವರು ಸೇರುವುದೂ ಅಲ್ಲೇ. ಹೊರಗಿನ ಕಲ್ಲುಕಂಬಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ನಾನು ಮೊದಲು ನೋಟಿಸ್ ಬೋರ್ಡ್ ಓದುತ್ತೇನೆ. ಯಾರ ಬೆಕ್ಕು ಕಳೆದಿದೆ, ಯಾವ ಗಲ್ಲಿಗೆ ರಿಪೇರಿ, ಪಂಚಾಯ್ತಿ ಸಭೆ ಯಾವತ್ತು. ನೀವು ಹೋದರೆ ದಯವಿಟ್ಟು ಅದರ ಮುಂದೆ ಐದು ನಿಮಿಷ ನಿಲ್ಲಿ.

ಒಂದು ಸಂಜೆ ಗೋಪುರದಿಂದ ಗಂಟೆ ಕೇಳಿಸಿತು. ಹುಲ್ಲುಬಯಲಿನ ಬೆಂಚಿನಲ್ಲಿ ಕೂತು ಕೇಳಿದೆ. ಇಲ್ಲಿ ಒಂದೊಂದು ಗಂಟೆಗೆ ಒಬ್ಬೊಬ್ಬರು ಹಗ್ಗ ಹಿಡಿದಿರುತ್ತಾರೆ. ಡೆವನ್ನಿನ ಪದ್ಧತಿಯಲ್ಲಿ ಮುಂದಾಳು ಒಬ್ಬ ಕೂಗಿ ಹೇಳಿದಾಗ ಎರಡು ಗಂಟೆಗಳು ತಮ್ಮ ಸರದಿ ಅದಲುಬದಲು ಮಾಡಿಕೊಳ್ಳುತ್ತವೆ. ಮತ್ತೊಂದು ಕೂಗಿಗೆ ಮತ್ತೆರಡು. ಒಂದು ಕಡೆ ಯಾರೋ ತಡಮಾಡಿದರು, ಎರಡು ಗಂಟೆ ಒಟ್ಟಿಗೆ ಬಡಿದವು. ನಿಂತಿತು. ಮತ್ತೆ ಮೊದಲಿಂದ. ಕತ್ತಲಾಗುವವರೆಗೆ ಹಾಗೇ ನಡೆಯಿತು.

ಹೌಂಡ್ ಟಾರ್ ಕಡೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಗೋರಿ ಇದೆ. ಜೇ ಎಂಬ ಅನಾಥ ಹುಡುಗಿಯದು ಅನ್ನುತ್ತಾರೆ. ಹೊಲಮನೆಯಲ್ಲಿ ಕೆಲಸಕ್ಕಿದ್ದಳು, ಮೋಸಹೋಗಿ ಪ್ರಾಣ ಕಳೆದುಕೊಂಡಳು. ಆತ್ಮಹತ್ಯೆ ಮಾಡಿಕೊಂಡವರಿಗೆ ಆಗ ಚರ್ಚಿನ ಅಂಗಳದಲ್ಲಿ ಜಾಗ ಇರಲಿಲ್ಲ, ದಾರಿ ಕೂಡುವಲ್ಲಿ ಹೂಳುತ್ತಿದ್ದರು. ಆ ಗೋರಿಯ ಮೇಲೆ ಯಾವಾಗಲೂ ಹೊಸ ಹೂವು ಇರುತ್ತದೆ. ನಾನು ಹೋದಾಗೆಲ್ಲ ಇತ್ತು. ಫೆಬ್ರವರಿಯಲ್ಲಿ ಹೂವಿಲ್ಲದ ಕಾಲ, ಆಗ ಒಂದು ಗೊಂಚಲು ಹಸಿರೆಲೆ ಇತ್ತು, ಎಲೆಗಳ ಮೇಲೆ ಇನ್ನೂ ಇಬ್ಬನಿ. ಯಾರು ಇಡುತ್ತಾರೆ ಅಂತ ಜೀಪಿನ ಆ ಹೆಂಗಸನ್ನು ಕೇಳಿದೆ. "ಇಡ್ತಾರೆ" ಅಂದರು, ಅಷ್ಟೇ.

ಜಾತ್ರೆಯ ಬಗ್ಗೆ ಹೇಳಲೇಬೇಕು. ಸೆಪ್ಟೆಂಬರ್ ತಿಂಗಳ ಎರಡನೇ ಮಂಗಳವಾರ. ಬೂದು ಕುದುರೆಯೊಂದನ್ನು ಎರವಲು ಪಡೆದು ಈ ಜಾತ್ರೆಗೆ ಹೊರಟ ಗುಂಪಿನ ಬಗ್ಗೆ ಒಂದು ಜನಪದ ಹಾಡಿದೆ. ಊರಿಗೆ ಹೊರಗೆ ಹೆಸರು ಬಂದದ್ದೇ ಅದರಿಂದ. ಹಾಡಿನ ಮುದುಕ ಅಂಕಲ್ ಟಾಮ್ ಕಾಬ್ಲಿಯ ವೇಷ ಹಾಕಿ ಪ್ರತಿ ವರ್ಷ ಒಬ್ಬರು ಬೂದು ಕುದುರೆಯ ಮೇಲೆ ಬರುತ್ತಾರೆ. ಕುರಿ, ಕುದುರೆ, ತರಕಾರಿ, ಎಲ್ಲಕ್ಕೂ ಬಹುಮಾನ. ವಾರದ ನಡುವೆ ರಜೆ ಸಿಗುವುದು ಕಷ್ಟ, ಆದರೂ ಮಂಗಳವಾರವೇ. ಜಾತ್ರೆಯನ್ನು ಭಾನುವಾರಕ್ಕೆ ಎಳೆಯದೆ ಉಳಿಸಿಕೊಂಡಿದ್ದಾರೆ ಅನ್ನುವುದೇ ನನಗೆ ದೊಡ್ಡ ವಿಷಯ.

ಗೆಳತಿಗೆ ಕೊನೆಗೆ ಹೀಗೆ ಬರೆದೆ. ಶನಿವಾರ ಬೇಡ. ಬಸ್ ಕಡಿಮೆ, ಕಾರಿನಲ್ಲೇ ಬನ್ನಿ, ಗುಡ್ಡದ ಮೇಲೆ ನಿಧಾನ ಓಡಿಸಿ, ಕತ್ತಲಾದ ಮೇಲೆ ಇನ್ನೂ ನಿಧಾನ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಮನೆಗಳ ಮುಂದೆ ಮೊಟ್ಟೆಯ ಪೆಟ್ಟಿಗೆ ಇಟ್ಟಿರುತ್ತಾರೆ, ಕಾಯುವವರು ಇರುವುದಿಲ್ಲ, ಚಿಲ್ಲರೆ ಇಟ್ಟುಕೊಂಡು ಬಾ. ಕುದುರೆಗೆ ಏನನ್ನೂ ತಿನ್ನಿಸಬೇಡಿ. ಚರ್ಚಿನಲ್ಲಿ ಕತ್ತೆತ್ತಿ ಮೂರು ಮೊಲ ಹುಡುಕಿ. ಎರಡು ಗಂಟೆಯ ಬದಲು ಒಂದು ರಾತ್ರಿ ಉಳಿಯಿರಿ. ಸಾಧ್ಯವಾದರೆ ಅಕ್ಟೋಬರಿಗೆ ಬಾ, ನಾನು ಗೇಟಿನ ಬಳಿ ಇರುತ್ತೇನೆ.

ತಂಗಿಯ ಮಗನಿಗೆ ಈಗ ಹತ್ತು ವರ್ಷ. ಮೊದಲ ಡ್ರಿಫ್ಟ್ ಆದ ರಾತ್ರಿ ಅವನು ಫೋನಿನಲ್ಲಿ ಕೇಳಿದ್ದ. "ದೊಡ್ಡಮ್ಮ, ನಂದು ಕುದುರೆ ಬಂತಾ? ಬ್ರೌನ್ ಕಲರ್ ಇತ್ತಲ್ಲ, ಹಣೆ ಮೇಲೆ ಬಿಳಿ ಬೊಟ್ಟು?" ಅವತ್ತು ದೊಡ್ಡಿಯಲ್ಲಿ ನಾನೂ ಅದನ್ನೇ ಹುಡುಕಿದ್ದೆ. ಕಂದು ಮೈ, ಬಿಳಿ ಬೊಟ್ಟು, ಅಂಥವು ಏಳೆಂಟು ಇದ್ದವು. ಅವನಿಗೆ ಹಾಗೇ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಏಳೂ ಚೆನ್ನಾಗಿದ್ವಾ?" ಅಂತ ಕೇಳಿದ. ಒಂದು ಮಾತ್ರ ಕುಂಟುತ್ತಿತ್ತು, ಡಾಕ್ಟರ್ ನೋಡುತ್ತಿದ್ದರು ಅಂತ ಹೇಳಿದೆ.